ಗುಡ್ಡದಲ್ಲಿ ದನ-ಕುರಿ ಸಾಕುವವರಿಗೆ ಕೊಡುವ ದುಡ್ಡು: ಸಹಾಯಧನವೋ, ಭತ್ಯೆಯೋ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಗುಡ್ಡಗಳಲ್ಲಿ ಕುರಿ, ದನ ಸಾಕುವವರಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದ ಹಣದ ಬಗ್ಗೆ ಶಿರಸಿಯ ಒಂದು ಸಹಕಾರಿ ಪತ್ರಿಕೆಗೆ ಬರೆಯುತ್ತಿದ್ದೇನೆ. 'ಹಿಲ್ ಲೈವ್‌ಸ್ಟಾಕ್ ಕಾಂಪೆನ್ಸೇಟರಿ ಅಲೋಯನ್ಸ್' ಅಂತ ಅದರ ಹೆಸರು. ಕನ್ನಡದಲ್ಲಿ ಏನನ್ನೋಣ?

ಮೊದಲ ತೊಡಕು 'ಹಿಲ್'. ಬೆಟ್ಟ ಅಂತ ಬರೆದರೆ ನಮ್ಮ ಕಡೆ ಕೆಲಸ ಕೆಟ್ಟಿತು. ಶಿರಸಿ, ಸಿದ್ದಾಪುರದವರಿಗೆ ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ. ಅಡಿಕೆ ತೋಟದ ಎಕರೆಗೆ 9 ಎಕರೆವರೆಗೂ ಸೊಪ್ಪು ಕೊಯ್ಯಲು ಬಿಟ್ಟ ಕಾಡು. 'ಬೆಟ್ಟದ ರೈತರಿಗೆ ಸಬ್ಸಿಡಿ' ಅಂದರೆ ತೋಟದವರೆಲ್ಲ ಅರ್ಜಿ ಹಿಡಿದು ಬಂದಾರು! ಘಟ್ಟ ಅನ್ನೋಣವೆಂದರೆ ಕುಮಟಾ, ಕಾರವಾರದವರಿಗೆ ಘಟ್ಟದ ಮೇಲಿನವರು ಅಂದರೆ ನಾವೇ. ಸದ್ಯಕ್ಕೆ 'ಗುಡ್ಡಗಾಡು' ಅಂತ ಇಟ್ಟುಕೊಂಡಿದ್ದೇನೆ.

ದುಡ್ಡಿನ ಪದ ಇನ್ನೂ ಕಷ್ಟ. ನಮ್ಮಲ್ಲಿ ಕೊಟ್ಟಿಗೆಗೆ, ಮೇವು ಕತ್ತರಿಸುವ ಯಂತ್ರಕ್ಕೆ ಸಿಗುವುದು ಸಹಾಯಧನ. ಡೈರಿಗೆ ಹಾಕಿದ ಹಾಲಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ದನ ಸತ್ತರೆ ಬರುವುದು ಪರಿಹಾರ, ಬಂದರೆ.

ಬ್ರಿಟನ್ನಿನದು ಇದಾವುದೂ ಅಲ್ಲ. ಗುಡ್ಡದಲ್ಲಿ ಚಳಿ ಜಾಸ್ತಿ, ಮಣ್ಣು ತೆಳು, ಹುಲ್ಲು ಬೆಳೆಯುವ ದಿನಗಳು ಕಮ್ಮಿ. ಆದರೂ ಬಿಟ್ಟುಹೋಗದೆ ಸಾಕುತ್ತೀರಲ್ಲ, ತಗೊಳ್ಳಿ ಅಂತ ಕುರಿ-ದನದ ತಲೆ ಎಣಿಸಿ ಕೊಟ್ಟದ್ದು. ಇಂಗ್ಲೆಂಡಿನಲ್ಲಿ 2001ರಿಂದ ತಲೆಲೆಕ್ಕ ಬಿಟ್ಟು ಹೆಕ್ಟೇರ್ ಲೆಕ್ಕಕ್ಕೆ ಬಂದರು. ತಲೆಗಿಷ್ಟು ಅಂದರೆ ಕುರಿ ಹೆಚ್ಚಿ ಗುಡ್ಡ ಬೋಳಾಗುತ್ತದೆ, ಅಲ್ವಾ?

ಇಲ್ಲಿನ ಡೈರಿ ಚೀಟಿ ನೋಡಿ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ದರ. ನಮ್ಮ ಕಡೆಯ ಕುಳ್ಳ ನಾಟಿ ತಳಿ ಮಲೆನಾಡು ಗಿಡ್ಡ ಕೊಡುವ ಒಂದೆರಡು ಲೀಟರ್ ಮನೆಯ ಚಹಾ, ಮಜ್ಜಿಗೆಗೇ ಮುಗಿಯುತ್ತದೆ. ಆ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಹಾಲಿನ ಗಾಡಿ ಹೋಗದ ಗೌಳಿವಾಡದ (ದನ-ಎಮ್ಮೆ ಸಾಕುವ ಗೌಳಿಗರ ಕೇರಿ) ಎಮ್ಮೆಗೂ ಅದೇ ಪಾಡು. ಹಾಗಾಗಿ 'ಪ್ರೋತ್ಸಾಹಧನ' ಅಂತ ಬರೆದರೆ ನಮ್ಮ ಓದುಗರು ಸೀದಾ ಲೀಟರಿಗೇ ಹೋಗುತ್ತಾರೆ.

ನನ್ನ ಒಲವು 'ಗುಡ್ಡಗಾಡು ಸಾಕಣೆ ಭತ್ಯೆ' ಕಡೆಗೆ. ಭತ್ಯೆ ಅಂದರೆ ನೌಕರರ ಸಂಬಳದ ವಾಸನೆ ಅಂತ ಗೆಳೆಯರೊಬ್ಬರ ತಕರಾರು. ಇರಲಿ ಬಿಡಿ. ಬೆಲೆ ಏರಿದ್ದಕ್ಕೆ ತುಟ್ಟಿಭತ್ಯೆ ಕೊಡುವುದಾದರೆ ಗುಡ್ಡ ಏರಿದ್ದಕ್ಕೂ ಕೊಡಬಹುದು. 'ಪರಿಹಾರ ಭತ್ಯೆ' ಮಾತ್ರ ಬೇಡ, ದನ ಸತ್ತಂತೆ ಕೇಳುತ್ತದೆ.

'ಕಾಂಪೆನ್ಸೇಟರಿ', ಅಂದರೆ ಕೊರತೆ ತುಂಬಿಕೊಡುವ ಅನ್ನುವ ಮಾತನ್ನು ಹೀಗೆ ಹೆಸರಿನಿಂದ ಕೈಬಿಟ್ಟರೆ ಅರ್ಥ ಕೆಡುತ್ತದೆಯೇ? ಅಂಕೋಲಾ, ಹೊನ್ನಾವರ ಕಡೆಯವರು 'ಗುಡ್ಡಗಾಡು' ಅಂತ ಓದಿದರೆ ಯಾರನ್ನು ನೆನೆಯುತ್ತೀರಿ, ಅದನ್ನೂ ತಿಳಿಸಿ.