ಹೋರಿ ಒಂದೇ ಇದ್ದರೆ 50 ಹಸು ಎಷ್ಟಕ್ಕೆ ಸಮ?

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆ. ಊರಲ್ಲಿ 50 ಹಳ್ಳಿಕಾರ್ ಹಸು ಇವೆ, ಎಲ್ಲಕ್ಕೂ ಒಂದೇ ಹೋರಿ. ತಳಿ ಉಳಿಯಲು ಇಷ್ಟು ಸಾಕು ಅಂದುಕೊಂಡಿದ್ದೆ. ಬಿ.ಎಸ್ಸಿ. ಓದುವ ಮಗಳು "ಲೆಕ್ಕದಲ್ಲಿ ಇವು ನಾಲ್ಕೇ ದನ ಅಪ್ಪಾ" ಎನ್ನುತ್ತಾಳೆ. ತಮಾಷೆನಾ?

ಉತ್ತರ (ಪಶುತಳಿ ವಿಜ್ಞಾನ ಕಲಿಸುವವನು): ಮಗಳ ಲೆಕ್ಕ ಸರಿ. ಯಾವ ಕರುವಿಗಾದರೂ ಅರ್ಧ ಜೀನ್ ತಾಯಿಯದು, ಅರ್ಧ ತಂದೆಯದು. ನಿಮ್ಮೂರಲ್ಲಿ 50 ತಾಯಂದಿರು ಸೇರಿ ಅರ್ಧ ಕೊಟ್ಟರೆ, ಉಳಿದರ್ಧ ಆ ಒಂದೇ ಹೋರಿಯದು.

ಹೋರಿ ಸಂಖ್ಯೆ, ಹಸು ಸಂಖ್ಯೆ ಗುಣಿಸಿ. ಅದನ್ನು 4ರಿಂದ ಗುಣಿಸಿ ಒಟ್ಟು ತಲೆಗಳಿಂದ ಭಾಗಿಸಿ. 200 ಭಾಗಿಸು 51, ಅಂದರೆ 3.92. ಇದಕ್ಕೆ ಪರಿಣಾಮಕಾರಿ ಸಂಖ್ಯೆ ಎನ್ನುತ್ತಾರೆ, ಅಂದರೆ ಗಂಡು ಹೆಣ್ಣು ಸಮನಾಗಿರುವ ಎಷ್ಟು ದನಗಳ ಮಂದೆಯಷ್ಟೇ ವೇಗದಲ್ಲಿ ನಿಮ್ಮ ಮಂದೆ ಜೀನ್ ವೈವಿಧ್ಯ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ. ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ ಹಾಕಿಕೊಟ್ಟ ದಾರಿ. ಷಾರ್ಟ್‌ಹಾರ್ನ್ ದನಗಳ ವಂಶಾವಳಿ ಕೂತು ಲೆಕ್ಕ ಹಾಕಿದ ಮನುಷ್ಯ, ಬರೀ ಕಾಗದದ ಗಣಿತ ಅಲ್ಲ.

ಈಗ ಹಸು 100 ಮಾಡಿ ನೋಡಿ. 3.96! ಅದೇ 50 ಹಸುವಿಗೆ 5 ಹೋರಿ ಇಟ್ಟರೆ 18 ದಾಟುತ್ತದೆ. ಒಂದು ಹೋರಿಯಲ್ಲಿ ತಲೆಮಾರಿಗೆ ಸುಮಾರು 13 ಶೇಕಡಾ ವೈವಿಧ್ಯ ಕಳೆಯುತ್ತದೆ, ಐದಿದ್ದರೆ 3ಕ್ಕಿಂತ ಕಡಿಮೆ.

ಪ್ರಶ್ನೆ: ಸರ್, ನಾನು ಆ ಮಗಳು. ಜೀನ್ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬದಲಾಗಲ್ಲ ಅಂತ ಕ್ಲಾಸಲ್ಲಿ ಕಲಿಸಿದ 1908ರ ಹಾರ್ಡಿ-ವೈನ್‌ಬರ್ಗ್ ಸೂತ್ರ ಇಲ್ಲಿ ನಡೆಯಲ್ವಾ?

ಉತ್ತರ: ಅದಕ್ಕೆ ಮಂದೆ ತುಂಬಾ ದೊಡ್ಡದಿರಬೇಕು, ಯಾವುದು ಯಾವುದರ ಜೊತೆಗಾದರೂ ಕೂಡಬೇಕು. ನಿಮ್ಮ ಹಟ್ಟಿಯಲ್ಲಿ ಎರಡೂ ಇಲ್ಲ. ಜಾಸ್ತಿ ಚಿಂತೆ ಬೇರೆ. ಹೋರಿಯಲ್ಲಿ ಒಂದು ಕೆಟ್ಟ ಜೀನ್ ಅಡಗಿ ಕೂತಿದೆ, ಹಸುಗಳಲ್ಲಿ ಇಲ್ಲ ಎನ್ನಿ. ಅದರ ಹೆಣ್ಣು ಕರುಗಳಲ್ಲಿ ಅರ್ಧಕ್ಕೆ ಅದು ಹೋಗುತ್ತದೆ. ಅವು ಬೆಳೆದು ಅದೇ ಹೋರಿಗೆ ಕೂಡಿದರೆ ಎಂಟು ಕರುಗಳಲ್ಲಿ ಒಂದಕ್ಕೆ ಎರಡೂ ಕಡೆಯಿಂದ ಬಂದು ರೋಗ ಎದ್ದು ಕಾಣುತ್ತದೆ. ಅದಕ್ಕೇ ಹೆಣ್ಣು ಕರು ಬೆದೆಗೆ ಬರುವ ಮೊದಲು ಪಕ್ಕದೂರಿನವರ ಜೊತೆ ಹೋರಿ ಬದಲಾಯಿಸಿಕೊಳ್ಳಿ.

ಪ್ರಶ್ನೆ (ಕಡೂರಿನಿಂದ): ನಾವು ಸೆಮೆನ್ ಕಡ್ಡಿ (ಹೋರಿಯ ವೀರ್ಯ ತುಂಬಿದ ನಳಿಕೆ) ಹಾಕಿಸುತ್ತೇವೆ. ನಮಗೆ ಈ ರಗಳೆ ಇಲ್ಲ, ಅಲ್ವಾ?

ಉತ್ತರ: ಕಡ್ಡಿ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಹಾಕಿಸಿದ ದಿನವೇ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಊರವರೆಲ್ಲರ ಕ್ಯಾಲೆಂಡರಿನಲ್ಲಿ ಅದೇ ನಂಬರ್ ಇದ್ದರೆ, ನಿಮ್ಮದೂ ಒಂದು ಹೋರಿಯ ಊರೇ.