ದನದ ಮನಿ ಗೋಡೆಗೆ ಸಿಮೆಂಟ್ ಗಿಲಾವು ನಿಲ್ಲವಲ್ಲದು

ಪ್ರಶ್ನೆ (ಕುಷ್ಟಗಿ ಕಡೆಯಿಂದ):
ಅಜ್ಜನ ಕಾಲದ ದನದ ಮನಿ, ಹನ್ನೆರಡು ವರ್ಷ ಹಾಳು ಬಿದ್ದಿತ್ತು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ತೊಲಿ, ಜಂತಿ ಗಟ್ಟಿ ಇದ್ದವು ಅಂತ ಕೆಡವದೆ ವಾಸಕ್ಕೆ ಮಾಡಿಕೊಂಡ್ವಿ. ಮಾಳಿಗಿಗೆ ನೀರು ಇಳಿಯಗೊಡದ ಹಾಳ್ಮಣ್ಣು ಹೊಸದಾಗಿ ಹಾಕೀವಿ, ಒಂದು ಹನಿ ಸೋರಿಲ್ಲ. ಬ್ಯಾಸಿಗ್ಯಾಗೂ ಒಳಗ ತಂಪು. ಆದ್ರ ಒಳಗಿನ ಸಿಮೆಂಟ್ ಗಿಲಾವು ಎಂಟೇ ತಿಂಗಳಿಗೆ ಮೂರಡಿ ಎತ್ತರದವರೆಗೆ ಉಬ್ಬಿ, ಹಪ್ಪಳದಂಗ ಉದುರಾಕತ್ತೈತಿ. ವಾಟರ್‌ಪ್ರೂಫ್ ಬಣ್ಣ ಎರಡು ಸಲ ಬಳಿಸಿದೆ, ಅದೂ ಸುಲಿದು ಬಂತು. ಮಕ್ಕಳು ಮಲಗೋ ಕೋಣೆ ಅಣ್ಣಾರ, ಏನು ಮಾಡ್ಲಿ?

ಉತ್ತರ (ಗಂಗಾವತಿಯಿಂದ):
ತಮ್ಮಾ, ಗೋದಲಿ ಯಾವ ಗೋಡೆಗಿತ್ತು? ಉದುರಿದಲ್ಲಿ ಬೆರಳಾಡಿಸಿ ನೋಡು, ಏನು ಹತ್ತುತ್ತೆ?

ಪ್ರಶ್ನೆ:
ಈಗ ಗಿಲಾವು ಉದುರೋ ಗೋಡೆಗೇ ಇತ್ತು. ಹತ್ತಿ ಎಳಿಯಂಥ ನವಿರಾದ ಬಿಳಿ ಉಪ್ಪು ಹತ್ತತೈತಿ.

ಉತ್ತರ:
ಹಂಗಾದ್ರ ಅದು ಗಂಜಲದ ಉಪ್ಪು. ಎಷ್ಟೋ ವರ್ಷ ದನ ಕಟ್ಟಿದ ನೆಲ, ಗೋಡೆ ಎರಡೂ ಅದನ್ನ ಕುಡಿದಾವ. ನೆಲದ ತೇವ ಮೇಲೇರುವಾಗ ಉಪ್ಪನ್ನೂ ಹೊತ್ತು ಬರುತ್ತೆ. ಮಣ್ಣಿನ ಗೋಡೆ ಉಸಿರಾಡಿ ಆ ತೇವ ಹೊರಗ ಬಿಡಬೇಕು. ಸಿಮೆಂಟು, ಬಣ್ಣ ಬಾಯಿ ಮುಚ್ಚಿಬಿಟ್ಟಾವ. ಹಿಂದೆ ಸಿಕ್ಕಿಬಿದ್ದ ಉಪ್ಪು ಹರಳುಗಟ್ಟಿ ಗಿಲಾವನ್ನ ದೂಡತೈತಿ. ಇನ್ನೊಂದು ಸಲ ಸಿಮೆಂಟ್ ಬಳಿದರೆ ರೊಕ್ಕ ನೀರಿಗೆ ಹಾಕಿದಂಗ.

ಮೊದಲು ಗಿಲಾವು ಪೂರ್ತಿ ಕಿತ್ತು ಹಾಕು. ಗೋಡೆ ಒಂದೆರಡು ತಿಂಗಳು ಬರೇ ಮೈಲೆ ಒಣಗಲಿ. ಉಪ್ಪು ಬಂದಾಗೆಲ್ಲ ಒಣ ಬ್ರಷ್‌ನಿಂದ ಉಜ್ಜಿ ಹೊರಗ ಚೆಲ್ಲು, ನೀರು ಹಾಕಿ ತೊಳೀಬ್ಯಾಡ, ಮತ್ತೆ ಒಳಗ ಇಳಿಯುತ್ತೆ. ನೆಲದ ಗಂಜಲ ಕುಡಿದ ಮಣ್ಣು ಒಂದಡಿಯಾದ್ರೂ ತೆಗೆದು ದಪ್ಪ ಜಲ್ಲಿ ತುಂಬಿಸು. ಅಗಿಯುವಾಗ ಗೋಡೆಯ ತಳಪಾಯ ನೋಡಿಕೊಂಡು ಅಗಿ, ಹಳೇ ಕಟ್ಟಡದಾಗ ಅದು ಭಾಳ ಆಳ ಇರಂಗಿಲ್ಲ.

ಆಮೇಲೆ ಸುಣ್ಣ-ಮರಳಿನ ಗಚ್ಚು, ಒಂದಕ್ಕೆ ಮೂರರ ಅಳತಿ. ಮೊದಲ ಗಿಲಾವು ಉಪ್ಪು ಹೀರಿಕೊಳ್ಳಾಕ ಅಂತಲೇ ತಿಳಿ, ಕೆಟ್ಟರ ಬ್ಯಾಸರ ಮಾಡಬ್ಯಾಡ. ಅದನ್ನ ಕಿತ್ತು ಹೊಸದು ಬಳಿ. ಚೈತ್ರ-ವೈಶಾಖದ ಬಿಸಲಾಗ ಮಾತ್ರ ಈ ಕೆಲಸ ಬ್ಯಾಡ. ಗಚ್ಚು ಗಾಳಿಯಿಂದ ನಿಧಾನಕ್ಕೆ ಗಟ್ಟಿಯಾಗೋದು, ಅವಸರಕ್ಕೆ ಒಣಗಿದರೆ ಬಿರುಕು ಬಿಡತೈತಿ. ಒದ್ದೆ ಗೋಣಿತಟ್ಟು ಕಟ್ಟಿ ವಾರ-ಹತ್ತು ದಿನ ತೇವ ಕಾಯಿ. ಮ್ಯಾಲೆ ಬರೇ ಸುಣ್ಣ ಬಳಿ.

ಇನ್ನೊಂದು ಮರೆತಿದ್ದೆ. ನಿಮ್ಮದು ಎರಿ ನೆಲ ಇದ್ರ ಮಳಿ ನೀರು ಗೋಡಿ ಬುಡಕ್ಕೇ ನಿಲ್ಲುತ್ತೆ. ಹೊರಗಿನ ನೆಲ ಒಳಗಿಗಿಂತ ಎತ್ತರ ಐತೇನು, ಅಳೆದು ನೋಡು.

ಪ್ರಶ್ನೆ:
ನಿನ್ನೆ ಒಂದು ಮೂಲಿ ಕಿತ್ತಿದ್ವಿ, ಕಲ್ಲಿನ ಸಂದಿ ಮಣ್ಣು ಹಸಿ ಹಸಿ, ಗಂಜಲದ ವಾಸನಿ ಮುಖಕ್ಕೇ ಬಡೀತು. ಹೊರಗ ಎರಿಮಣ್ಣು ಬೆಳೆದು ಒಂಬತ್ತು ಇಂಚು ಎತ್ತರ ಆಗೈತಿ. ಸೋಮವಾರದಿಂದ ಸುತ್ತ ಕಾಲುವಿ ತೋಡಿಸಿ ಜಲ್ಲಿ ತುಂಬಿಸ್ತೀನಿ ಅಣ್ಣಾರ. ಮಕ್ಕಳನ್ನ ಪಡಸಾಲಿಗೆ ಮಲಗಿಸೀವಿ.