ಒಂದನೇ ಸಂಪುಟ ಬಿಟ್ಟು ಎರಡನೆಯದು ಕೊಡಬೇಡ

ಎಲ್ಲರಿಗೂ ವಂದನೆ. ನಾನು ಮಂಜೇಶ್ವರದ ದೊಡ್ಡಮ್ಮ ಮಾತಾಡುವುದು. ಸಣ್ಣ ಸೊಸೆಯ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ಟೈಪ್ ಮಾಡ್ಲಿಕ್ಕೆ ಕೂತರೆ ಬೆಳಗಾಗ್ತದೆ, ಅದಕ್ಕೆ ಮಾತಾಡಿಯೇ ಕಳಿಸ್ತೇನೆ. ಉದ್ದ ಆದೀತು, ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿ.

ಅವಳು ಕೇಳಿದ್ದು ಇಷ್ಟು. ಶಾರ್ಜಾದವರು ಬಂದಾಗ ಪುಳ್ಳಿಗೆ, ಅಂದರೆ ನಮ್ಮ ಮೊಮ್ಮಗಳಿಗೆ, ಕ್ರಿಸ್ಟಿ ಮಿಲ್ಲರ್ ಎಂಬ ಹುಡುಗಿಯ ಇಂಗ್ಲಿಷ್ ಕತೆಪುಸ್ತಕ ಎರಡು ಕೊಟ್ಟುಹೋಗಿದ್ದಾರೆ. ಹುಡುಗಿಗೆ ಈಗ ಹದಿಮೂರು, ಎಂಟನೇ ಕ್ಲಾಸು. ರಾತ್ರಿ ಬಾಗಿಲು ಹಾಕಿಕೊಂಡು ಓದ್ತಾಳೆ, ಕರೆದರೆ ಊಟಕ್ಕೆ ಬರುವುದಿಲ್ಲ. ಇವಳು ನಡುವೆ ಒಂದು ಪುಟ ತೆಗೆದು ನೋಡಿದರೆ ಹುಡುಗ, ಹುಡುಗಿ, ಡೇಟಿಂಗ್ ಅಂತೆಲ್ಲ ಉಂಟಂತೆ. ಕ್ರೈಸ್ತ ಪುಸ್ತಕ ಅಂತ ಕೊಟ್ಟದ್ದು ಹೀಗುಂಟಲ್ಲ, ತೆಗೆದಿಡಬೇಕಾ ದೊಡ್ಡಮ್ಮ ಅಂತ ಕೇಳಿದ್ದಾಳೆ. ಎರಡು ಪುಸ್ತಕದ ಫೋಟೋ ಹಾಕಿದ್ದಾಳೆ. ಆ ಫೋಟೋ ನೋಡಿಯೇ ನನ್ನ ಎದೆ ಧಸಕ್ ಅಂದದ್ದು. ಒಂದರ ಬೆನ್ನ ಮೇಲೆ 2 ಅಂತ ಉಂಟು, ಇನ್ನೊಂದರಲ್ಲಿ 3. ಒಂದನೆಯದು ಇಲ್ಲ.

ನೋಡು ಮಗಾ, ಆ ಕತೆಯನ್ನು ನಡುವಿನಿಂದ ಓದಿಸಬೇಡ. ಬೇರೆ ಎಂತ ಮರೆತರೂ ಇದು ಮರೆಯಬೇಡ.

ನಮ್ಮ ಮನೆಯಲ್ಲಿ ಆದದ್ದು ನಿಮಗೆಲ್ಲ ಗೊತ್ತೇ ಉಂಟು, ಆದರೂ ಈಗಿನ ಸೊಸೆಯಂದಿರಿಗಾಗಿ ಹೇಳ್ತೇನೆ. 2008ರ ಮಳೆಗಾಲ. ನಮ್ಮ ದೊಡ್ಡವಳು ಆಗ ಎಂಟನೆಯಲ್ಲಿ, ಇದೇ ಪ್ರಾಯ. ಭಾನುವಾರ ಶಾಲೆಯಲ್ಲಿ ಬಾಯಿಪಾಠಕ್ಕೆ ಬಹುಮಾನ ಅಂತ ಎರಡನೇ ಸಂಪುಟ ಸಿಕ್ಕಿತು. ಕೊಟ್ಟವರಿಗೂ ಅದು ಎರಡನೆಯದು ಅಂತ ತಲೆಗೆ ಹೋಗಲಿಲ್ಲ, ನನಗೂ ಹೋಗಲಿಲ್ಲ. ಒಂದು ಸಂಪುಟದಲ್ಲಿ ಮೂರು ಕತೆ ಇರ್ತದೆ. ನಾಲ್ಕನೆಯದು, ಐದನೆಯದು ಓದಿ ಮುಗಿಸಿದಳು. ಆಗ ನಾನು ಹೋಗಿ ಒಂದು ಪುಟ ಓದಿದೆ, ಈಗ ನೀನು ಓದಿದ ಹಾಗೆಯೇ. ಹೆದರಿ ಪುಸ್ತಕ ಕಿತ್ತುಕೊಂಡು ಗೋದ್ರೆಜ್ ಕಪಾಟಿನಲ್ಲಿ ಸೀರೆಯ ಅಡಿಗಿಟ್ಟು ಬೀಗ ಹಾಕಿದೆ. ಆರನೆಯದು ಅವಳು ಓದಲೇ ಇಲ್ಲ.

ಅದರಿಂದ ಆದ ತಪ್ಪು ಎಂತದು ಅಂತ ತಿಳಿಯಬೇಕಾದರೆ ಕತೆ ಗೊತ್ತಿರಬೇಕು. ಕ್ರಿಸ್ಟಿ ವಿಸ್ಕಾನ್ಸಿನಿನ ಹಳ್ಳಿಯ ಹುಡುಗಿ, ಹದಿನಾಲ್ಕು ವರ್ಷ. ಬೇಸಿಗೆ ರಜೆಗೆ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿಗೆ, ಬಾಬ್ ಅಂಕಲ್ ಮತ್ತು ಮಾರ್ಟಿ ಆಂಟಿಯ ಮನೆಗೆ ಬರ್ತಾಳೆ. ಅಲ್ಲಿ ಟಾಡ್ ಅಂತ ಸರ್ಫಿಂಗ್ ಮಾಡುವ ಹುಡುಗ, ದೇವಭಯ ಇರುವವನು. ಅವನ ಮೂಲಕ ಇವಳಿಗೆ ವಿಶ್ವಾಸದ ಮಾತು ಗೊತ್ತಾಗ್ತದೆ. ಅವನು ಇವಳಿಗೆ ಒಂದು ಬ್ರೇಸ್ಲೆಟ್ ಕೊಡ್ತಾನೆ, ಅದರ ಮೇಲೆ 'ಫಾರೆವರ್' ಅಂತ ಕೆತ್ತಿರ್ತದೆ. ಇಷ್ಟೂ ಒಂದನೇ ಸಂಪುಟ. ಎರಡನೇ ಸಂಪುಟದಲ್ಲಿ ರಿಕ್ ಅಂತ ಇನ್ನೊಬ್ಬನ ಕತೆ ಮುಂದಕ್ಕೆ ಬರ್ತದೆ, ಅವಳ ಶಾಲೆಯ ದೊಡ್ಡ ಕ್ಲಾಸಿನವನು. ನೋಡ್ಲಿಕ್ಕೆ ಚಂದ, ಮಾತು ಚಂದ, ಇವಳ ಹಿಂದೆಯೇ ಇರ್ತಾನೆ. ಆರನೇ ಕತೆಗೆ ಬರುವಾಗ ಅವನ ಬಣ್ಣ ಬಯಲಾಗ್ತದೆ. ಅವಳನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳಲಿಕ್ಕೆ ನೋಡ್ತಾನೆ. ಕೊನೆಗೆ ಅವಳಿಗೆ ತಿಳಿಯದ ಹಾಗೆ ಆ ಬ್ರೇಸ್ಲೆಟ್ಟನ್ನೇ ತೆಗೆದುಕೊಂಡು ಹೋಗಿ ಅಂಗಡಿಗೆ ಕೊಟ್ಟು ಬೇರೆ ತರ್ತಾನೆ. ಅದನ್ನು ಬಿಡಿಸಿಕೊಳ್ಳಲಿಕ್ಕೆ ಅವಳು ಪಡುವ ಪಾಡು ಓದಿದರೆ ಯಾವ ಹುಡುಗಿಗಾದರೂ ಕಣ್ಣು ತೆರೆಯಬೇಕು.

ನಮ್ಮವಳಿಗೆ ಬ್ರೇಸ್ಲೆಟ್ ಯಾಕೆ ಕೊಟ್ಟದ್ದು ಅಂತ ಗೊತ್ತಿಲ್ಲ, ಅದು ಒಂದನೆಯದರಲ್ಲಿ ಹೋಯಿತು. ಅದು ಕಳೆದುಹೋದದ್ದೂ ಗೊತ್ತಿಲ್ಲ, ಆ ಆರನೇ ಕತೆಯನ್ನು ನಾನು ಬೀಗ ಹಾಕಿ ಇಟ್ಟೆ. ಅವಳಿಗೆ ಉಳಿದದ್ದು ನಡುವಿನ ಎರಡು ಕತೆ, ಅದರಲ್ಲಿ ರಿಕ್ ದೊಡ್ಡ ರಾಜಕುಮಾರ. ಒಂದು ವರ್ಷ ನಮ್ಮ ಮನೆಯಲ್ಲಿ ಹುಡುಗ ಅಂದರೆ ರಿಕ್ಕನ ಹಾಗೆ ಇರಬೇಕು ಅಂತ ಮಾತು. ಅದಕ್ಕಿಂತ ದೊಡ್ಡ ನಷ್ಟ ಎಂತ ಅಂದರೆ, ಓದಿದ್ದನ್ನು ನನ್ನ ಹತ್ತಿರ ಹೇಳುವುದನ್ನೇ ಬಿಟ್ಟಳು. ಮತ್ತೆ ಮಂಗಳೂರಿನ ಹಾಸ್ಟೆಲಿನಲ್ಲಿ ಇರುವಾಗ ಯಾರದ್ದೋ ಪುಸ್ತಕದಲ್ಲಿ ಆರನೆಯದು ಓದಿ ನನಗೆ ಫೋನ್ ಮಾಡಿದಳು. ಅಮ್ಮಾ, ನಾನು ಓದಬೇಕಾದದ್ದನ್ನೇ ನೀವು ತೆಗೆದಿಟ್ಟದ್ದಲ್ವಾ ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ.

ಹಾಗೆ ಹೇಳಿ ಎಲ್ಲವೂ ಹಗುರ ವಿಷಯ ಅಂತ ತಿಳಿಯಬೇಡ. ಮೊದಲನೇ ಕತೆಯಲ್ಲೇ ಶಾನ್ ಅಂತ ಒಬ್ಬ ಹುಡುಗ ಡ್ರಗ್ಸ್ ತೆಗೆದುಕೊಂಡು ಸಮುದ್ರಕ್ಕೆ ಇಳಿದು ಸಾಯ್ತಾನೆ. ಮುಂದೆ ಅಲಿಸಾ ಎಂಬ ಹುಡುಗಿ ಮದುವೆಗೆ ಮೊದಲೇ ತಾಯಿ ಆಗ್ತಾಳೆ. ಅಸಹ್ಯವಾಗಿ ಬರೆದದ್ದಲ್ಲ, ಈ ಕತೆ ಬರೆದ ರಾಬಿನ್ ಜೋನ್ಸ್ ಗನ್ ಎಲ್ಲಿಯೂ ಗೆರೆ ದಾಟುವುದಿಲ್ಲ. ಆದರೆ ಶಾನ್ ಸಾಯುವ ಭಾಗ ಹುಡುಗಿ ರಾತ್ರಿ ಒಬ್ಬಳೇ ಓದುವುದು ಬೇಡ. ಅದು ಯಾವ ದಿನ ಬರ್ತದೆ ಅಂತ ಮೊದಲೇ ನೋಡಿಟ್ಟುಕೋ. ಆ ದಿನ ನೀನು ಹತ್ತಿರ ಕೂತುಕೋ. ಕಣ್ವತೀರ್ಥದ ಸಮುದ್ರ ನೋಡಿ ಬೆಳೆದ ಮಕ್ಕಳು ನಮ್ಮವರು, ಮಳೆಗಾಲದ ನೀರು ಎಷ್ಟು ಎಳೀತದೆ ಅಂತ ಗೊತ್ತಿರುವವರು. ಅವರಿಗೆ ಅದು ಮನಸ್ಸಿಗೆ ತಟ್ಟುವುದು ಜಾಸ್ತಿ.

ಇನ್ನೊಂದು, ನಂಬಿಕೆಯ ವಿಷಯ. ಆ ಪುಸ್ತಕದಲ್ಲಿ ಹುಡುಗಿ ತಾನೇ ಒಂದು ದಿನ ಪ್ರಾರ್ಥನೆ ಮಾಡಿ ತನ್ನ ಜೀವನವನ್ನು ಕರ್ತನಿಗೆ ಒಪ್ಪಿಸ್ತಾಳೆ. ಅಲ್ಲಿಯ ಚರ್ಚಿನ ಸಭೆಗಳಲ್ಲಿ ಆ ದಿನಕ್ಕೆ ಬಹಳ ಬೆಲೆ. ನಮ್ಮಲ್ಲಿ ಶಿಶುವಿಗೇ ದೀಕ್ಷಾಸ್ನಾನ, ಆಮೇಲೆ ಕ್ಲಾಸು, ಆಮೇಲೆ ದೃಢೀಕರಣ, ಆಮೇಲೆ ಕರ್ತನ ಭೋಜನ. ಪುಳ್ಳಿ ಖಂಡಿತ ಕೇಳ್ತಾಳೆ, ನನಗೆ ಹಾಗೆ ಒಂದು ದಿನ ಇಲ್ಲವಲ್ಲ, ನಾನು ವಿಶ್ವಾಸಿ ಆಗಿಲ್ಲವಾ ಅಂತ. ಬೈಯಬೇಡ. ಮೂರು ತಿಂಗಳ ಮಗುವಾಗಿರುವಾಗ ನಾವು ನಿನಗಾಗಿ ಹೇಳಿದ ಮಾತನ್ನು ದೃಢೀಕರಣದ ದಿನ ನೀನೇ ನಿನ್ನ ಬಾಯಿಂದ ಹೇಳುವುದು ಅಂತ ಹೇಳು. ಅವಳ ಕ್ಲಾಸು ಶುರುವಾಗುವ ಮೊದಲು ಈ ಪ್ರಶ್ನೆ ಬಂದರೆ ಒಳ್ಳೆಯದೇ, ನಮ್ಮ ಪಾದ್ರಿ ಅಯ್ಯನವರ ಹತ್ತಿರ ಕೇಳ್ಲಿಕ್ಕೆ ಅವಳ ಕೈಯಲ್ಲಿ ಒಂದು ನಿಜವಾದ ಪ್ರಶ್ನೆ ಇರ್ತದೆ.

ಮತ್ತೊಮ್ಮೆ ಹೇಳ್ತೇನೆ, ನಡುವಿನಿಂದ ಓದಿಸಬೇಡ, ನಡುವೆ ಕಿತ್ತುಕೊಳ್ಳಲೂ ಬೇಡ. ಈ ಎರಡೂ ತಪ್ಪು ನಾನು ಮಾಡಿದ್ದೇನೆ.

ನನಗೆ ಬೇಸರ ಆಗುವುದು ಬೇರೆ ಒಂದಕ್ಕೆ. ಈ ಹುಡುಗಿಗೆ ಕನ್ನಡದಲ್ಲಿ ಕೊಡ್ಲಿಕ್ಕೆ ಎಂತ ಉಂಟು? ನಮ್ಮ ಹಿರಿಯರಿಗೆ ಅಕ್ಷರ ಕೊಟ್ಟ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ಮಂಗಳೂರು ಸಮಾಚಾರ ಹೊರಡಿಸಿದರು, ಕನ್ನಡಕ್ಕೆ ಅದೇ ಮೊದಲ ಪತ್ರಿಕೆ. 1894ರಲ್ಲಿ ಕಿಟೆಲರ ನಿಘಂಟು ಬಂತು. ಇಷ್ಟೆಲ್ಲ ಮಾಡಿದ ಸಭೆಯ ಮಕ್ಕಳು ನಾವು. ನಮ್ಮ ಹದಿಮೂರು ವರ್ಷದ ಹುಡುಗಿಗೆ ಪ್ರಾರ್ಥನೆ, ಸ್ನೇಹ, ಆಸೆ, ಹೆದರಿಕೆ ಇವೆಲ್ಲ ಇರುವ ಒಂದು ಕತೆಯನ್ನು, ಕುಂಬಳೆ ಕಡೆಯ ಹುಡುಗಿ ಶಾಲೆಗೆ ಹೋಗುವ ಬಸ್ಸಿನಲ್ಲಿ ನಡೆಯುವ ಹಾಗೆ, ಯಾರು ಬರೆದರು? ಮನೆಯಲ್ಲಿ ಕನ್ನಡ ತುಳು, ಹೊರಗೆ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ಮನಸ್ಸಿನ ಮಾತಿಗೆ ಮಾತ್ರ ಕ್ಯಾಲಿಫೋರ್ನಿಯಾದ ಹುಡುಗಿಯನ್ನು ಸಾಲ ತರಬೇಕು. ನಮ್ಮ ಸಭೆಯ ಲೈಬ್ರರಿ ಕಪಾಟನ್ನೂ ಸ್ಪೀಕರ್ ಇಡ್ಲಿಕ್ಕೆ ಜಾಗ ಬೇಕು ಅಂತ ಹಿಂದಿನ ಕೋಣೆಗೆ ನೂಕಿದರು. ಎರಡು ಮಳೆಗಾಲದಲ್ಲಿ ಅರ್ಧ ಪುಸ್ತಕಕ್ಕೆ ಬೂಷ್ಟು ಹಿಡಿಯಿತು. ಕಮಿಟಿಯಲ್ಲಿ ಹೇಳಿದೆ, ಬರೆದೂ ಕೊಟ್ಟೆ. ಈಗ ಮಕ್ಕಳು ಓದುವುದಿಲ್ಲ ಅಂತ ಉತ್ತರ ಬಂತು. ಓದುವುದಿಲ್ಲವಾ? ಊಟ ಬಿಟ್ಟು ಓದುವ ಹುಡುಗಿ ನಮ್ಮ ಮನೆಯಲ್ಲೇ ಉಂಟಲ್ಲ. ಕಮಿಟಿಯವರು ಈ ಗ್ರೂಪಿನಲ್ಲಿಯೂ ಇದ್ದೀರಿ, ಕೇಳಿಸಿಕೊಳ್ಳಲಿ ಅಂತಲೇ ಹೇಳ್ತಿದ್ದೇನೆ.

ಅಯ್ಯೋ, ನೀನು ಕೇಳಿದ್ದು ಅದಲ್ಲ. ಎಂತ ಮಾಡಬೇಕು ಅಂತ ಕೇಳಿದ್ದಲ್ವಾ. ಪೆನ್ನು ಹಿಡ್ಕೋ.

ಕ್ರಿಸ್ಟಿಯ ಶಾಲೆಯ ದಿನಗಳ ಕತೆ ಒಟ್ಟು 12, ಮೊದಲನೆಯದು 1988ರಲ್ಲಿ ಬಂದದ್ದು. ಈಗಿನ ದಪ್ಪ ಪುಸ್ತಕದಲ್ಲಿ ಮೂರು ಮೂರು ಸೇರಿಸಿ 4 ಸಂಪುಟ ಮಾಡಿದ್ದಾರೆ. ಒಂದರಲ್ಲಿ 1ರಿಂದ 3, ಎರಡರಲ್ಲಿ 4ರಿಂದ 6, ಮೂರರಲ್ಲಿ 7ರಿಂದ 9, ನಾಲ್ಕರಲ್ಲಿ 10ರಿಂದ 12. ಮುಖಪುಟ ನೋಡಿ ತೆಗೆಯಬೇಡ, ಎಲ್ಲ ಒಂದೇ ಹಾಗೆ ಕಾಣ್ತದೆ, ಬೆನ್ನಿನ ನಂಬರು ನೋಡು. ಸಿಯೆರಾ ಜೆನ್ಸನ್ ಅಂತ ಇನ್ನೊಂದು ಹನ್ನೆರಡು ಉಂಟು, ಅದು ಬೇರೆ ಹುಡುಗಿಯ ಕತೆ, ಕ್ರಿಸ್ಟಿಯ ಹನ್ನೆರಡು ಮುಗಿದ ಮೇಲೆ ಕೊಟ್ಟರಾಯಿತು. ಅದಾದ ಮೇಲೆ ಕ್ರಿಸ್ಟಿ ಮತ್ತು ಟಾಡ್ ಕಾಲೇಜಿಗೆ ಹೋಗುವ ಮೂರು ಪುಸ್ತಕ. ಅದು ಪ್ಲಸ್ ಟು ಮುಗಿಯುವವರೆಗೆ ಬೇಡ, ಅದರ ಕೊನೆಗೆ ಮದುವೆಯೇ ಬರ್ತದೆ. ಅಂತ್ಯ ಮೊದಲೇ ಗೊತ್ತಾದರೆ ಅವಳು ವರ್ಷಗಟ್ಟಲೆ ಕಾಯುವುದಕ್ಕೆ ಅರ್ಥ ಉಳಿಯುವುದಿಲ್ಲ. ಶಾರ್ಜಾದವರಿಗೂ ಇದು ಹೇಳಿ ಇಡಿ, ಮುಂದಿನ ಸಲ ಅದನ್ನು ತಂದುಬಿಡಬಾರದು.

ಕೈಯಲ್ಲಿರುವ ಎರಡನೆಯದನ್ನು ಕಿತ್ತುಕೊಳ್ಳಬೇಡ. ಎಷ್ಟು ಓದಿದ್ದಾಳೆ ಅಂತ ಮೊದಲು ಕೇಳು. ಐವತ್ತು ಪುಟದ ಒಳಗಾದರೆ, ಇದರ ಮೊದಲಿನದು ಉಂಟಂತೆ, ಅದು ಓದಿ ಇದಕ್ಕೆ ಬಾ ಅಂತ ಹೇಳು, ಅವಳೇ ಇಡ್ತಾಳೆ. ಅರ್ಧ ದಾಟಿದ್ದರೆ ಆರನೇ ಕತೆ ಮುಗಿಯುವವರೆಗೆ ಓದಲಿ, ಅಲ್ಲಿಯವರೆಗೆ ನಿಲ್ಲಿಸಲೇಬಾರದು. ಮುಗಿದ ಮೇಲೆ ಒಂದನೆಯದಕ್ಕೆ ಹಿಂದೆ ಬರಲಿ, ಮೂರನೆಯದು ಅದಾದ ಮೇಲೆ. ದಿನಕ್ಕೆ ಇಪ್ಪತ್ತು ಪುಟ, ಊಟ ಆದ ಮೇಲೆ, ಹಾಲ್‌ನಲ್ಲಿ ಕೂತು. ಸಂಪುಟ ನಾಲ್ಕುನೂರು ಪುಟದ ಮೇಲೆ ಇರ್ತದೆ, ಮೂರು ನಾಲ್ಕು ವಾರ ಬೇಕು. ನೀನು ಅವಳಿಗಿಂತ ಒಂದು ಅಧ್ಯಾಯ ಮುಂದೆ ಓದಿಕೊಂಡಿರು. ಪಾಠ ಎಂತ ಕಲಿತೆ ಅಂತ ಮಾತ್ರ ಕೇಳಬೇಡ, ಹಾಗೆ ಕೇಳಿದರೆ ಬಾಯಿ ಮುಚ್ಚಿಬಿಡ್ತಾರೆ. ಮಾರ್ಟಿ ಆಂಟಿ ಕ್ರಿಸ್ಟಿಗೆ ಬಟ್ಟೆ ಬರೆ ಎಲ್ಲ ತೆಗೆದುಕೊಡ್ತಾಳಲ್ಲ, ಅದು ಒಳ್ಳೆಯದಾ ಅಲ್ವಾ ಅಂತ ಕೇಳು. ಒಂದು ಗಂಟೆ ಮಾತಾಡ್ತಾಳೆ.

ಕೆಲವು ಶಬ್ದ ಹೇಳಿಕೊಡಬೇಕಾಗ್ತದೆ. ಸೊಫೊಮೋರ್ ಅಂದರೆ ಹತ್ತನೇ ಕ್ಲಾಸು, ಜೂನಿಯರ್ ಅಂದರೆ ಹನ್ನೊಂದು, ಸೀನಿಯರ್ ಹನ್ನೆರಡು. ಅಲ್ಲಿ ಹದಿನಾರಕ್ಕೆ ಕಾರಿನ ಲೈಸೆನ್ಸ್ ಸಿಗ್ತದೆ, ನಮ್ಮಲ್ಲಿ ಹದಿನೆಂಟು. ಯಾಕೆ ಮೆಸೇಜ್ ಮಾಡುವುದಿಲ್ಲ, ಕಾಗದಕ್ಕೆ ಯಾಕೆ ಕಾಯ್ತಾಳೆ ಅಂತ ಕೇಳಿದರೆ ಆಗ ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿಲ್ಲ ಅಂತ ಹೇಳು.

ಮತ್ತೆ, ಆ ಪುಸ್ತಕ ದಪ್ಪ ಉಂಟು. ಮಗುಚಿ ಮಲಗಿಸಿ ಇಟ್ಟರೆ ಬೆನ್ನು ಒಡೆದು ಪುಟ ಕಳಚಿ ಬರ್ತದೆ. ಕಾಗದ ಒಂದು ಗುರುತಿಗೆ ಇಡ್ಲಿಕ್ಕೆ ಹೇಳು. ಈಗ ಮಳೆಯಲ್ಲವಾ, ಗೋಡೆಗೆ ತಾಗಿಸಿ ಇಡಬೇಡಿ, ಬಿಸಿಲು ಬಂದ ದಿನ ಪುಟ ಬಿಡಿಸಿ ನೆರಳಲ್ಲಿ ಗಾಳಿಗಿಡಿ.

ಒಂದನೇ ಸಂಪುಟ ನನ್ನ ಹತ್ತಿರ ಉಂಟು. ದೊಡ್ಡವಳು ಕೆಲಸಕ್ಕೆ ಸೇರಿದ ವರ್ಷ ತಂದುಕೊಟ್ಟದ್ದು, ಅದೇ ಕಪಾಟಿನಲ್ಲಿಯೇ ಉಂಟು, ಬೀಗ ಇಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಪುಳ್ಳಿಯನ್ನೇ ಕಳಿಸು, ಅವಳ ಕೈಗೇ ಕೊಡ್ತೇನೆ. ಪ್ಲಾಸ್ಟಿಕ್ ಚೀಲ ಒಂದು ತರ್ಲಿಕ್ಕೆ ಹೇಳು, ಆ ಹೊತ್ತಿಗೆ ಮಳೆ ಬಂದೇ ಬರ್ತದೆ.